ಅಲ್ ನಹ್ದಾದಲ್ಲಿ ಒಂದು ಓಕ್ ಮನೆ

ಯಾರ ಮನೆಗೆ ಹೋದರೂ ಗೋಡೆಯನ್ನು ಒಮ್ಮೆ ತಟ್ಟಿ ನೋಡುವುದು ನನ್ನ ಚಟ. ಬೇಕೆಂದು ಮಾಡುವುದಲ್ಲ. ಚಪ್ಪಲಿ ಕಳಚಿ ಒಳಗೆ ಬಂದು, ಮನೆಯವರು ತೋರಿಸಿದ ಸೋಫಾದ ಕಡೆಗೆ ನಡೆಯುವಷ್ಟರಲ್ಲಿ ಬೆರಳಿನ ಗೆಣ್ಣು ತಾನಾಗಿಯೇ ಗೋಡೆಯನ್ನು ಮುಟ್ಟಿರುತ್ತದೆ. ಗಟ್ಟಿ ಸದ್ದು ಬಂದರೆ ಸಿಮೆಂಟ್ ಬ್ಲಾಕು, ಡೋಲಿನ ಸದ್ದು ಬಂದರೆ ಜಿಪ್ಸಂ ಹಲಗೆ. ದುಬೈಯಲ್ಲಿ ಹೆಚ್ಚಾಗಿ ಡೋಲೇ. ಒಮ್ಮೆ ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮ ಕಡೆಯವರೊಬ್ಬರ ಹೊಸ ಫ್ಲ್ಯಾಟಿನ ಪೂಜೆಗೆ ಹೋಗಿದ್ದಾಗ ನಾನು ಹೀಗೆ ತಟ್ಟಿದ್ದಕ್ಕೆ, ಆಚೆ ಕೋಣೆಯಲ್ಲಿ ಸೀರೆ ಉಡುತ್ತಿದ್ದ ಹೆಂಗಸರು "ಆಯ್ತು, ಆಯ್ತು, ಬಂದೆವು" ಎಂದು ಗಡಿಬಿಡಿಯಲ್ಲಿ ಹೊರಗೆ ಬಂದುಬಿಟ್ಟರು.

ಚಟ ಅಪ್ಪನಿಂದ ಬಂದದ್ದು. ಮುಲ್ಕಿಯ ಒಂದು ಮರದ ಮಿಲ್ಲಿನಲ್ಲಿ ಅವರು ಗುಮಾಸ್ತರಾಗಿದ್ದರು. ಲಾರಿಯಿಂದ ಇಳಿದ ದಿಮ್ಮಿಗಳನ್ನು ಕೊಡೆಯ ಹಿಡಿಯಿಂದ ತಟ್ಟಿ, ತಲೆ ಓರೆ ಮಾಡಿ ಕಿವಿ ಕೊಟ್ಟು, "ಇದು ಒಳಗೆ ಟೊಳ್ಳು" ಎಂದು ಬದಿಗೆ ಇಡಿಸುತ್ತಿದ್ದರು. ಹೆಚ್ಚಿನ ಸಲ ಅವರು ಹೇಳಿದ್ದೇ ಸರಿಯಾಗುತ್ತಿತ್ತು. ತಪ್ಪಾದ ದಿನ ಆ ವಿಷಯವನ್ನು ಮಾಲೀಕರಿಗೆ ಹೇಳದೆ ಊಟದ ಹೊತ್ತಿಗೆ ನಮಗೆ ಹೇಳಿ ನಗುತ್ತಿದ್ದರು. ಮನೆಯಲ್ಲಿ ಉರಿಯುತ್ತಿದ್ದುದು ಮಿಲ್ಲಿನ ಹೊಟ್ಟಿನ ಒಲೆ. ತಗಡಿನ ಡಬ್ಬಿಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟನ್ನು ಒತ್ತಿ ಒತ್ತಿ ತುಂಬಿ, ಕೊನೆಗೆ ಬಾಟಲಿಯನ್ನು ಮೆಲ್ಲನೆ ತಿರುಗಿಸುತ್ತ ಮೇಲಕ್ಕೆ ಎಳೆಯಬೇಕು. ನಡುವೆ ಉಳಿಯುವ ಕೊಳವೆ ಕುಸಿಯಬಾರದು. ಬಾಟಲಿ ಎಳೆಯುವ ಕೆಲಸ ನನ್ನದು. ಅಮ್ಮನಿಗೆ ಆ ಕೈಚಳಕ ಇರಲಿಲ್ಲ, ಅಣ್ಣನಿಗೆ ತಾಳ್ಮೆ ಇರಲಿಲ್ಲ. ನಾನು ಎಳೆದದ್ದು ಕುಸಿದದ್ದೇ ಇಲ್ಲ ಎಂದು ಹೇಳಿದರೆ ಅಣ್ಣ ಇದನ್ನು ಓದಿ ಫೋನ್ ಮಾಡುತ್ತಾನೆ. ಆದ್ದರಿಂದ, ಅಪರೂಪಕ್ಕೆ ಕುಸಿಯುತ್ತಿತ್ತು ಎನ್ನುತ್ತೇನೆ.

ಮರದ ಹೊಟ್ಟಿನಲ್ಲಿ ಬೆಳೆದವಳಿಗೆ ಕೊನೆಗೆ ಸಿಕ್ಕಿದ ಉದ್ಯೋಗ ಗಾಜಿನದ್ದು. ಸಿವಿಲ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ದುಬೈಗೆ ಬಂದು, ಗಗನಚುಂಬಿ ಕಟ್ಟಡಗಳಿಗೆ ಗಾಜಿನ ಹೊರಮೈ ಹೊದಿಸುವ ಒಂದು ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದೆ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಸಾಲಾಗಿ ನಿಂತ ಗೋಪುರಗಳಲ್ಲಿ ಕೆಲವಕ್ಕೆ ನಾನೇ ಎಳೆದ ಗೆರೆಗಳ ಪ್ರಕಾರ ಗಾಜು ಕೂತಿದೆ. ಮೇಲಿಂದ ಕೆಳಗಿನವರೆಗೂ ಒಂದೇ ಚೌಕ, ಅದೇ ಚೌಕ, ಮತ್ತೆ ಅದೇ ಚೌಕ. ಇಷ್ಟು ವರ್ಷ ಕಟ್ಟಡಗಳ ಅಂಗಿಯನ್ನಷ್ಟೇ ಹೊಲಿದಿದ್ದೇನೆ, ಮೈಯನ್ನು ಮುಟ್ಟಲೇ ಇಲ್ಲ ಎಂಬ ಕೊರಗು ಮನಸ್ಸಿನ ಮೂಲೆಯಲ್ಲಿ ಇತ್ತು. ನಾನು ಮೊದಲಿನಿಂದ ಕೊನೆಯವರೆಗೆ ಕಟ್ಟಿದ ಮನೆ ಇದುವರೆಗೆ ಒಂದೇ. ಅದರ ಎತ್ತರ ನನ್ನ ಮೊಣಕಾಲಿನವರೆಗೆ.

ಮಗಳು ತನ್ವಿ ಆಗ ಬ್ರಿಟಿಷ್ ಪಠ್ಯದ ಶಾಲೆಯೊಂದರಲ್ಲಿ ಎರಡನೆಯ ತರಗತಿ. ಒಂದು ಸಂಜೆ ಸ್ಕೂಲ್ ಬಸ್ಸಿನಿಂದ ಇಳಿದವಳೇ, "ಅಮ್ಮಾ, ವೀ ಹ್ಯಾವ್ ಟು ಮೇಕ್ ಎ ಟ್ಯೂಡರ್ ಹೌಸ್" ಎಂದಳು.

"ಎಂತ ಹೌಸ್?"

"ಟ್ಯೂಡರ್. ಓಲ್ಡ್ ಲಂಡನ್. ಬ್ಲ್ಯಾಕ್ ಆ್ಯಂಡ್ ವೈಟ್."

ಅವಳ ಪುಸ್ತಕದಲ್ಲಿ ಚಿತ್ರ ಇತ್ತು. ಇಂಗ್ಲೆಂಡಿನ ಹಳೆಯ ಮನೆ. ಗೋಡೆಯ ಮೇಲೆ ಅಡ್ಡ, ಉದ್ದ, ಓರೆ ಮರದ ತೊಲೆಗಳು, ನಡುವೆ ಬಿಳಿ ಗಾರೆ, ಮೇಲೆ ಕಡಿದಾದ ಇಳಿಜಾರಿನ ಮಾಡು. ಮೇಲಿನ ಮಾಳಿಗೆ ಕೆಳಗಿನದ್ದಕ್ಕಿಂತ ಮುಂದಕ್ಕೆ ಚಾಚಿ, ಬೀದಿಯಲ್ಲಿ ಏನು ನಡೆಯುತ್ತಿದೆ ಎಂದು ಇಣುಕಿ ನೋಡುವ ಹಾಗಿತ್ತು. ಇಡೀ ಮನೆ ಸ್ವಲ್ಪ ವಾಲಿತ್ತು. ನೋಡಿದ್ದೇ ನನ್ನ ಕೈ ಕಡಿಯತೊಡಗಿತು.

"ಶೂ ಬಾಕ್ಸ್ ಉಂಟಲ್ಲ ಮಾರಾಯ್ತಿ. ಮೇಲೆ ಕಪ್ಪು ಕಾಗದ ಅಂಟಿಸಿದ್ರೆ ಖಲಾಸ್" ಎಂದರು ಇವರು. ಇವರು ಎಂದರೆ ನನ್ನ ಗಂಡ. ಜೆಬೆಲ್ ಅಲಿಯಲ್ಲಿ ಹಡಗಿನಿಂದ ಇಳಿಯುವ ಸರಕಿನ ಉಸ್ತುವಾರಿ ನೋಡುವವರು. ಪ್ರಪಂಚದ ಯಾವ ವಸ್ತುವೂ ಒಂದು ಡಬ್ಬಿಯೊಳಗೆ ಹಿಡಿಸುತ್ತದೆ ಎಂಬುದು ಅವರ ನಂಬಿಕೆ.

"ಶೂ ಬಾಕ್ಸಿಗೆ ಕಂಬ ಉಂಟಾ? ತೊಲೆ ಉಂಟಾ?" ಎಂದೆ.

"ಅವಳಿಗೆ ಆರು ವರ್ಷ" ಎಂದರು ಇವರು.

"ನನಗೆ ಮೂವತ್ತಾರು" ಎಂದೆ. ಆ ಮಾತಿಗೆ ಏನು ಅರ್ಥವೋ ನನಗೂ ಗೊತ್ತಿಲ್ಲ. ಆದರೆ ಅಲ್ಲಿಗೆ ಚರ್ಚೆ ಮುಗಿಯಿತು.

ಮರುದಿನ ಕಚೇರಿಗೆ ತಡವಾಗಿ ಬರುತ್ತೇನೆ ಎಂದು ಹೇಳಿ ಶಾಲೆಗೆ ಹೋದೆ. ತರಗತಿಯ ಟೀಚರ್ ಮಿಸ್ ರೂತ್ ಇಂಗ್ಲೆಂಡಿನವರು, ಉದ್ದ ಕೈಕಾಲಿನ, ಬಿಸಿಲಿಗೆ ಕೆಂಪಾದ ಮೂಗಿನ ಹೆಂಗಸು. ಹೆತ್ತವರು ಬಂದರೆಂದರೆ ದೂರು ಹೇಳುವುದಕ್ಕೇ ಎಂದುಕೊಂಡು ಮುಖ ಬಿಗಿ ಮಾಡಿಕೊಂಡೇ ಬಂದರು. ನಾನು ಚಿತ್ರ ಮುಂದಿಟ್ಟು, "ಈ ಮಾಳಿಗೆ ಯಾಕೆ ಮುಂದೆ ಬಂದಿದೆ?" ಎಂದು ಕೇಳಿದೆ. ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಅವರ ಅಜ್ಜಿ ಅಂಥದ್ದೇ ಮನೆಯಲ್ಲಿ ಇದ್ದರಂತೆ. ರಜೆಯಲ್ಲೆಲ್ಲ ಮಿಸ್ ರೂತ್ ಅಲ್ಲೇ. ಮೇಲಿನ ಕೋಣೆಯ ನೆಲ ಎಷ್ಟು ವಾಲಿತ್ತೆಂದರೆ ಬಾಗಿಲ ಬಳಿ ಇಟ್ಟ ಗೋಲಿ ತಾನಾಗಿ ಉರುಳಿ ಕಿಟಕಿಯ ಕೆಳಗೆ ಹೋಗಿ ನಿಲ್ಲುತ್ತಿತ್ತು. ಮಂಚದ ಎರಡು ಕಾಲಿನ ಅಡಿಗೆ ಹಲಗೆ ತುಂಡು ಇಟ್ಟಿದ್ದರು. "ಹಾಗಿದ್ದರೆ ಮನೆ ಬೀಳಲಿಲ್ಲವೇ?" ಎಂದೆ. ಅವರು ನಕ್ಕರು. ಓಕ್ ಮರವನ್ನು ಕಡಿದು ಒಣಗಿಸದೆ ಹಸಿಯಾಗಿಯೇ ಕೆತ್ತಿ ಜೋಡಿಸುತ್ತಿದ್ದರಂತೆ. ಒಣಗಿದ ಓಕ್ ಕಬ್ಬಿಣದ ಹಾಗೆ, ಉಳಿ ಇಳಿಯುವುದಿಲ್ಲ. ಮನೆ ಎದ್ದು ನಿಂತ ಮೇಲೆ ಮರ ಒಣಗುತ್ತ, ಸೆಟೆದುಕೊಳ್ಳುತ್ತ, ಒಂದು ತೊಲೆ ಇನ್ನೊಂದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಅಂಥ ಮನೆ ವಾಲಿದ್ದರೆ ಅದು ಬೀಳುವುದಕ್ಕೆ ಹೊರಟಿದೆ ಎಂದು ಅರ್ಥವಲ್ಲ. ಕೂತುಕೊಂಡಿದೆ ಎಂದು ಅರ್ಥ.

ಮಾಳಿಗೆ ಮುಂದೆ ಚಾಚಿದ್ದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರಂತೆ. ಬೀದಿಯ ಜಾಗ ನುಂಗದೆ ಮೇಲೆ ಕೋಣೆ ದೊಡ್ಡದಾಗುತ್ತದೆ, ಕೆಳಗಿನ ಗೋಡೆಗೆ ಮಳೆ ಬಡಿಯುವುದಿಲ್ಲ, ನೋಡುವವರಿಗೆ ಮನೆಯವನ ಅಂತಸ್ತು ಗೊತ್ತಾಗುತ್ತದೆ. ಮೂರೂ ನಿಜ ಇರಬಹುದು ಎಂದೆ. ದುಬೈಯಲ್ಲಿ ಕೆಲಸ ಮಾಡುವವಳಿಗೆ ಮೂರನೆಯ ಕಾರಣ ಹೆಚ್ಚು ಬೇಗ ಅರ್ಥವಾಯಿತು.

ಆಮೇಲೆ ಅವರು ಹೇಳಿದ ಒಂದು ಮಾತಿಗೆ ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ. ಆ ಮನೆಗಳನ್ನು ಕಟ್ಟುವ ಜಾಗದಲ್ಲಿ ಕೆತ್ತುತ್ತಿರಲಿಲ್ಲ. ಬಡಗಿ ತನ್ನ ಅಂಗಳದಲ್ಲಿ ಇಡೀ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಎಲ್ಲ ಸರಿ ಇದೆಯೇ ನೋಡಿ, ಪ್ರತಿಯೊಂದು ಜೋಡಣೆಗೆ ಉಳಿಯಿಂದ ಗುರುತು ಹಾಕಿ, ಬಿಚ್ಚಿ, ಗಾಡಿಯಲ್ಲಿ ಸಾಗಿಸಿ, ಮನೆ ಏಳುವ ಜಾಗದಲ್ಲಿ ಗುರುತಿನ ಪ್ರಕಾರ ಮತ್ತೆ ಎಬ್ಬಿಸುತ್ತಿದ್ದ. ಅಯ್ಯೋ, ನಾವು ಮಾಡುವುದೂ ಅದೇ ಅಲ್ಲವೇ! ಕಾರ್ಖಾನೆಯಲ್ಲಿ ನಂಬರು ಬರೆದ ಗಾಜಿನ ಚೌಕಟ್ಟುಗಳು ಲಾರಿಯಲ್ಲಿ ಅಲ್ ರೀಮಿಗೆ ಹೋಗಿ, ಕ್ರೇನಿನಲ್ಲಿ ಏರಿ, ನಂಬರಿನ ಪ್ರಕಾರ ಕೂರುತ್ತವೆ. ಆ ಇಂಗ್ಲೆಂಡಿನ ಬಡಗಿ ನನಗೆ ಸಹೋದ್ಯೋಗಿಯಂತೆ ಕಂಡ. ಅವನ ಬಾಸ್ ಕೂಡ ಪ್ರತಿ ಬೆಳಿಗ್ಗೆ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಿದ್ದಿರಬೇಕು.

ಇನ್ನು ಸಾಮಾನು ಹೊಂದಿಸುವ ಕೆಲಸ. ಓಕ್ ಬೇಕು. ಎದುರಿನ ಫ್ಲ್ಯಾಟಿನ ಜುಬೈದಾಳ ಗಂಡನಿಗೆ ಶಾರ್ಜಾದಲ್ಲಿ ಪೀಠೋಪಕರಣದ ವರ್ಕ್‌ಶಾಪ್ ಇತ್ತು. ಬಜಪೆ ಕಡೆಯ ಬ್ಯಾರಿಗಳು. ಹಮೀದಾಕ ಎಂದೇ ನಾವೆಲ್ಲ ಅವರನ್ನು ಕರೆಯುವುದು. ಯಾವುದೋ ವಿಲ್ಲಾದ ನೆಲಕ್ಕೆ ಹಾಸಿ ಉಳಿದ ಓಕ್ ಪಟ್ಟಿಗಳು ಅವರಲ್ಲಿ ಬಿದ್ದಿದ್ದವು. ನನ್ನ ಅಳತೆಗೆ ಬೆರಳು ದಪ್ಪಕ್ಕೆ ಸೀಳಿಸಿ ತಂದುಕೊಟ್ಟು, "ವನಿತಕ್ಕ, ಇದರಲ್ಲಿ ಎಂತ ಮಾಡ್ತೀರಿ, ತೊಟ್ಟಿಲಾ?" ಎಂದು ನಗುತ್ತ ಕೇಳಿದರು.

"ಲಂಡನ್" ಎಂದೆ.

ತೊಲೆಗಳ ನಡುವಿನ ಗೋಡೆಗೆ ಆ ಕಾಲದ ಇಂಗ್ಲಿಷರು ಗಿಡದ ಕಡ್ಡಿಗಳನ್ನು ಬುಟ್ಟಿಯ ಹಾಗೆ ಹೆಣೆದು, ಮೇಲೆ ಜೇಡಿಮಣ್ಣು, ಸೆಗಣಿ, ಹುಲ್ಲು ಕಲಸಿ ಮೆತ್ತುತ್ತಿದ್ದರಂತೆ. ಕಡ್ಡಿಗೆ ಹಿಡಿಸೂಡಿ ಇತ್ತು. ಕರಾಮಾದ ಅಂಗಡಿಯಿಂದ ತಂದ ತೆಂಗಿನಗರಿಯ ಪೊರಕೆ. ಬಿಚ್ಚಿದರೆ ಬೇಕಾದಷ್ಟು ಕಡ್ಡಿ. ಜೇಡಿಮಣ್ಣಿಗೆ ಮುಲ್ತಾನಿ ಮಿಟ್ಟಿ. ಕೌಂಟರಿನ ಹುಡುಗಿ ಅಷ್ಟೊಂದು ಪ್ಯಾಕೆಟ್ ನೋಡಿ ನನ್ನ ಮುಖವನ್ನು ಕನಿಕರದಿಂದ ನೋಡಿದಳು. ಹುಲ್ಲಿಗೆ ಖರ್ಜೂರದ ಮರದ ನಾರು, ನಮ್ಮ ರಸ್ತೆಯ ಬದಿಯಲ್ಲೇ ಬಿದ್ದಿರುತ್ತದೆ. ಉಳಿದದ್ದು ಸೆಗಣಿ. ದುಬೈಯಲ್ಲಿ ಸೆಗಣಿಯನ್ನು ಯಾರ ಹತ್ತಿರ ಕೇಳುವುದು? ಎರಡು ದಿನ ಯೋಚಿಸಿದ ಮೇಲೆ ಹೊಳೆಯಿತು. ಸೂಪರ್ ಮಾರ್ಕೆಟಿನ ಪೂಜಾ ಸಾಮಗ್ರಿಯ ಕಪಾಟಿನಲ್ಲಿ, ಕರ್ಪೂರ ಊದುಬತ್ತಿಗಳ ಪಕ್ಕದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆರಣಿ! ಹೋಮಕ್ಕೆಂದು ಊರಿನಿಂದ ವಿಮಾನವೋ ಹಡಗೋ ಹತ್ತಿ ಬಂದ ಬೆರಣಿ. ಮನೆಗೆ ತಂದು ಬಕೆಟ್ಟಿನಲ್ಲಿ ನೆನೆಹಾಕಿದೆ.

ಸಂಜೆಯೊಳಗೆ ಜುಬೈದಾ ಬಾಗಿಲು ಬಡಿದಳು. ಮೂಗಿಗೆ ದುಪಟ್ಟಾ.

"ವನಿತಕ್ಕ, ಬೇಜಾರು ಮಾಡ್ಬೇಡಿ. ನಿಮ್ಮ ಮನೆಯಲ್ಲಿ ದನದ ಹಟ್ಟಿ ಉಂಟಾ?"

ಬಕೆಟ್ ತೋರಿಸಿದೆ. ಅವಳು ಬಗ್ಗಿ ನೋಡಿದಳು, ದುಪಟ್ಟಾ ತೆಗೆದಳು, ಇನ್ನೊಮ್ಮೆ ಮೂಸಿದಳು. "ಉಮ್ಮ ಅಂಗಳಕ್ಕೆ ಸಾರಿಸುವಾಗ ಇದೇ ವಾಸನೆ" ಎಂದವಳೇ ತೋಳು ಮಡಚಿ ಬಾತ್‌ರೂಮಿನ ನೆಲದಲ್ಲಿ ನನ್ನ ಎದುರು ಕೂತುಬಿಟ್ಟಳು. ನಾವಿಬ್ಬರೂ ಮಣ್ಣು, ಸೆಗಣಿ, ನಾರು ಕಲಸಿ, ಹೆಣೆದ ಕಡ್ಡಿಗೆ ಮೆತ್ತುತ್ತ, ಊರಿನ ಮದುವೆಗಳ ಬಗ್ಗೆ, ಗಂಡಂದಿರ ಗೊರಕೆಯ ಬಗ್ಗೆ, ಏರಿದ ಬಾಡಿಗೆಯ ಬಗ್ಗೆ ಮಾತಾಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ದುಬೈಯ ಅಲ್ ನಹ್ದಾದ ಆ ಕಟ್ಟಡದಲ್ಲಿ ನಾನು ಇದ್ದ ಅಷ್ಟೂ ವರ್ಷಗಳಲ್ಲಿ ನಿಜಕ್ಕೂ ಊರಿನಲ್ಲಿ ಇದ್ದ ಹಾಗೆ ಅನಿಸಿದ್ದು ಆ ಬಾತ್‌ರೂಮಿನಲ್ಲಿ, ಒಂದು ಇಂಗ್ಲಿಷ್ ಗೋಡೆ ಮೆತ್ತುವಾಗ.

ಇಷ್ಟರ ನಡುವೆ ತನ್ವಿ ಎಲ್ಲಿದ್ದಳು ಎಂದು ನೀವು ಕೇಳಬಹುದು. ಆರಂಭದಲ್ಲಿ ಪಕ್ಕದಲ್ಲೇ ಇದ್ದಳು. "ಕ್ಯಾನ್ ಐ ಪೇಂಟ್ ಇಟ್ ಬ್ಲ್ಯಾಕ್?" ಎಂದು ಕೇಳಿದಳು. ಆ ಕಾಲದಲ್ಲಿ ಎಲ್ಲ ಮನೆಗಳೂ ಕಪ್ಪು-ಬಿಳಿ ಇರಲಿಲ್ಲ ಮಗಾ, ಓಕ್ ಮರವನ್ನು ಹಾಗೆಯೇ ಬಿಡುತ್ತಿದ್ದರು, ಅದು ಬೂದು ಬಣ್ಣಕ್ಕೆ ತಿರುಗುತ್ತಿತ್ತು, ಕಪ್ಪು ಬಳಿದದ್ದೆಲ್ಲ ಹೆಚ್ಚಾಗಿ ಆಮೇಲಿನವರ ಶೋಕಿ ಎಂದು ಮಿಸ್ ರೂತ್‌ರಿಂದ ಕಲಿತದ್ದನ್ನು ಒಪ್ಪಿಸಿದೆ. ಅವಳು ಬ್ರಷ್ ಕೆಳಗಿಟ್ಟು ಟಿವಿಯಲ್ಲಿ ಕಾರ್ಟೂನ್ ನೋಡಲು ಹೋದಳು. ನನಗೂ ಜಾಗ ಅಗಲವಾಯಿತು.

ಮರಕ್ಕೆ ಮೊಳೆ ಹೊಡೆಯಬಾರದು ಎಂದು ಹಟ. ಒಂದು ತುಂಡಿಗೆ ತೂತು, ಇನ್ನೊಂದರ ತುದಿಗೆ ನಾಲಗೆ, ನಾಲಗೆ ತೂತಿನೊಳಗೆ ಹೋದ ಮೇಲೆ ಅಡ್ಡಲಾಗಿ ಒಂದು ಮರದ ಗೂಟ. ತೂತಿಗೆ ಇವರ ಡ್ರಿಲ್ ಮೆಷೀನು, ಗೂಟಕ್ಕೆ ಕಬಾಬಿನ ಬಿದಿರು ಕಡ್ಡಿ. ಜೋಡಣೆಗಳಿಗೆ ಗುರುತು ಹಾಕುವಾಗ ಕೈ ತಾನಾಗಿ ೧, ೨, ೩ ಎಂದು ಕನ್ನಡದ ಅಂಕಿ ಕೆತ್ತಿತು. ಮಾಡಿಗೆ ಹುಲ್ಲು ಹೊದಿಸಬಹುದಿತ್ತು. ಆದರೆ ಮಂಗಳೂರು ಹೆಂಚಿನ ನಾಡಿನವಳು ಹುಲ್ಲು ಹೊದಿಸಿದರೆ ಊರಿಗೆ ಮುಖ ತೋರಿಸುವುದು ಹೇಗೆ? ಲಂಡನ್ನಿನಲ್ಲೂ ಹೆಂಚು ಇತ್ತು ಎಂದು ತಿಳಿದುಕೊಂಡು, ಮಣ್ಣಿನಲ್ಲಿ ಉಗುರಗಲದ ಹೆಂಚುಗಳನ್ನು ಮಾಡಿ ಬಾಲ್ಕನಿಯಲ್ಲಿ ಒಣಗಿಸಿದೆ. ನಾಲ್ಕು ಚೌಕಟ್ಟುಗಳನ್ನು ಒಂದೊಂದಾಗಿ ಎಬ್ಬಿಸಿ ನಿಲ್ಲಿಸಿದ ದಿನ ಇವರನ್ನು ಕರೆದು, "ಹಿಡಿದುಕೊಳ್ಳಿ" ಎಂದೆ. ಇವರು ಒಂದು ಮೂಲೆ ಹಿಡಿದು, "ಸ್ವಲ್ಪ ವಾಲಿದೆಯಲ್ಲ" ಎಂದರು. "ವಾಲಿದ್ದಲ್ಲ, ಕೂತದ್ದು" ಎಂದೆ.

ಆಗ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಭಾನುವಾರ ಬೆಳಿಗ್ಗೆ ಶಾಲೆಗೆ ಒಯ್ಯಬೇಕು. ಶನಿವಾರ ಗೋಡೆಗೆ ಸುಣ್ಣ ಬಳಿದು ಮುಗಿಸಿ ಊಟದ ಮೇಜಿನ ಮೇಲೆ ಇಟ್ಟೆ. ನಾನೇ ಹೇಳಬಾರದು, ಆದರೂ ಹೇಳುತ್ತೇನೆ. ಚೆಂದ ಇತ್ತು. ನಾಲ್ಕು ಗೋಡೆಯನ್ನೂ ತಟ್ಟಿ ನೋಡಿದೆ. ಡೋಲಿನ ಸದ್ದು ಎಲ್ಲೂ ಇಲ್ಲ. ಜುಬೈದಾ ಮನೆಯವರೆಲ್ಲ ಬಂದು ನೋಡಿದರು. ಹಮೀದಾಕ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದನ್ನು ಶಾಲೆಗೆ ಕೊಡ್ಲಿಕ್ಕುಂಟಾ? ನಮ್ಮ ಶೋರೂಮಿನಲ್ಲಿ ಇಡುವ" ಎಂದರು. ನಾನು ವಿನಯದಿಂದ ನಗುತ್ತಿದ್ದೆ.

ತನ್ವಿ ಮೇಜಿನ ಅಂಚಿಗೆ ಗಲ್ಲ ಊರಿ ಮನೆಯನ್ನು ನೋಡುತ್ತ, "ಐ ಥಿಂಕ್ ಇಟ್ ವಿಲ್ ಬರ್ನ್ ರಿಯಲಿ ವೆಲ್" ಎಂದಳು.

"ಎಂತ?"

"ಟುಮಾರೋ. ವೀ ಆರ್ ಬರ್ನಿಂಗ್ ದೆಮ್, ಅಮ್ಮಾ. ಆಲ್ ದಿ ಹೌಸಸ್."

ಬಹಳ ಹಿಂದೆ ಲಂಡನ್ನಿಗೆ ದೊಡ್ಡ ಬೆಂಕಿ ಬಿದ್ದಿತ್ತು, ಒಂದು ಬೇಕರಿಯಿಂದ ಹತ್ತಿ ಊರಿಗೆ ಊರನ್ನೇ ಸುಟ್ಟಿತು, ಅದು ಮನೆಯಿಂದ ಮನೆಗೆ ಹೇಗೆ ಹಾರಿತು ಎಂದು ತೋರಿಸುವುದಕ್ಕೆ ಮಕ್ಕಳು ಮಾಡಿ ತಂದ ಮನೆಗಳನ್ನು ಸಾಲಾಗಿ ಇಟ್ಟು ಮೈದಾನದಲ್ಲಿ ಬೆಂಕಿ ಕೊಡುತ್ತಾರೆ. ತರಗತಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅಮ್ಮನಿಗೂ ಗೊತ್ತಿದೆ ಎಂದುಕೊಂಡಿದ್ದಳು ಅವಳು. ನಾನೋ, ಮಿಸ್ ರೂತ್‌ರನ್ನು ತೊಲೆ, ಗೂಟ, ಮಾಳಿಗೆ ಎಂದು ಅಷ್ಟು ಕೇಳಿದವಳು, ಮನೆ ಯಾತಕ್ಕೆ ಎಂದು ಮಾತ್ರ ಕೇಳಿರಲಿಲ್ಲ.

ಇವರು ನಗು ತಡೆಯಲಾರದೆ ಅಡುಗೆಮನೆಗೆ ಹೋದರು. ಫ್ರಿಜ್ ತೆರೆದು ಮುಚ್ಚಿದ ಸದ್ದು, ನಡುವೆ ಕೆಮ್ಮಿದಂಥ ನಗು ಕೇಳಿಸಿತು. ವಾಪಸ್ ಬಂದು ಗಂಭೀರವಾಗಿ, "ಈಗಲೂ ಶೂ ಬಾಕ್ಸ್ ಉಂಟು. ಅರ್ಧ ಗಂಟೆಯಲ್ಲಿ ಒಂದು ಮಾಡಿ ಕೊಡುವ, ಇದು ಮನೆಯಲ್ಲಿರಲಿ" ಎಂದರು. ನನಗೂ ಅದೇ ಬೇಕಿತ್ತು. ಓಕ್, ಗೂಟ, ಬೆರಣಿ, ಹೆಂಚು, ಎಲ್ಲ ಕಣ್ಣ ಮುಂದೆ ಹಾದುಹೋಯಿತು.

"ನೋ!" ಎಂದಳು ತನ್ವಿ. ಕಣ್ಣಲ್ಲಿ ನೀರು. "ಇಟ್ಸ್ ಮೈ ಹೌಸ್. ಎವ್ರಿವನ್ಸ್ ಹೌಸ್ ವಿಲ್ ಬಿ ದೇರ್."

ನಾನು ಮಾಡಿನ ಮೇಲೆ ಓರೆಯಾಗಿದ್ದ ಒಂದು ಹೆಂಚನ್ನು ಸರಿಪಡಿಸಿದೆ. ಆಮೇಲೆ, "ಆಯ್ತು. ನಾಳೆ ಒಯ್ಯುವ" ಎಂದೆ. ಅದು ತ್ಯಾಗ ಎಂದು ನೀವು ಅಂದುಕೊಳ್ಳಬಾರದು. ಮಗಳ ಮುಖ ನೋಡಿ ಅರ್ಧ ಒಪ್ಪಿದೆ. ಉಳಿದ ಅರ್ಧ ಏನೆಂದರೆ, ನಾನು ಕಟ್ಟಿದ್ದು ಹೇಗೆ ನಿಲ್ಲುತ್ತದೆ ಎಂದು ನೋಡುವ ಆಸೆ ನನಗೇ ಇತ್ತು.

ಭಾನುವಾರ ಶಾಲೆಯ ಹಿಂದಿನ ಮರಳು ಮೈದಾನ. ಶಾಲೆಯವರು ಅನುಮತಿ ಎಲ್ಲ ತೆಗೆದುಕೊಂಡಿದ್ದರು. ಮಕ್ಕಳನ್ನು ಹಗ್ಗದ ಆಚೆ ದೂರದಲ್ಲಿ ನಿಲ್ಲಿಸಿದ್ದರು. ನೀರಿನ ಬಕೆಟ್‌ಗಳ ಸಾಲು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಕಾವಲಿನವರೊಬ್ಬರು. ನಡುವೆ ಬೀದಿಯ ಹಾಗೆ ಸಾಲಾಗಿ ಮಕ್ಕಳ ಮನೆಗಳು. ಸಿರಿಯಲ್ ಡಬ್ಬಿ, ಶೂ ಬಾಕ್ಸ್, ಟಿಶ್ಯೂ ಪೇಪರಿನ ಮಾಡು, ಕಪ್ಪು ಟೇಪಿನ ತೊಲೆ. ಸಾಲಿನ ಮಧ್ಯದಲ್ಲಿ ನಮ್ಮದು, ಬಾಡಿಗೆಯವರ ನಡುವೆ ಜಮೀನ್ದಾರನ ಹಾಗೆ. ಮಿಸ್ ರೂತ್ ಅದರ ಮುಂದೆ ನಿಂತು, ಬಗ್ಗಿ, ಒಂದು ಗೂಟವನ್ನು ಬೆರಳಿನಿಂದ ಮುಟ್ಟಿ ನನ್ನ ಕಡೆ ತಿರುಗಿದರು. "ಇದನ್ನು ಸುಡಬೇಕೆಂದು ನಿಮಗೆ ಖಾತ್ರಿಯೇ?" ಎಂದು ಕೇಳಿದರು. "ಮಗಳ ಆಜ್ಞೆ" ಎಂದೆ.

ಸಾಲಿನ ತುದಿಯಲ್ಲಿ ಬೇಕರಿ ಎಂದು ಇಟ್ಟಿದ್ದ ಡಬ್ಬಿಗೆ ಕಡ್ಡಿ ಗೀರಿದರು. ಮಕ್ಕಳ ಕೇಕೆ ಮುಗಿಲು ಮುಟ್ಟಿತು. ಬೆಳಗಿನ ಗಾಳಿ ಹದವಾಗಿ ಬೀಸುತ್ತಿತ್ತು. ಒಂದರ ಮಾಡಿನಿಂದ ಇನ್ನೊಂದರ ಮಾಡಿಗೆ ಬೆಂಕಿ ಹಾರುತ್ತ, ಡಬ್ಬಿಗಳು ಒಳಕ್ಕೆ ಮುದುಡುತ್ತ, ಲಂಡನ್ ಕ್ಷಣಗಳಲ್ಲಿ ಬೂದಿಯಾಗುತ್ತ ಬಂತು. ನಮ್ಮ ಪಕ್ಕದ ಮನೆ ಹತ್ತಿ ಉರಿಯಿತು. ಜ್ವಾಲೆ ನಮ್ಮ ಗೋಡೆಯನ್ನು ನೆಕ್ಕಿತು, ಮುಂಚಾಚಿದ ಮಾಳಿಗೆಯ ಅಡಿಗೆ ನುಗ್ಗಿತು, ಹೆಂಚಿನ ಮೇಲೆ ಹಾಯಿತು.

ಅಲ್ಲಿಗೆ ನಿಂತಿತು.

ಪಕ್ಕದ ಮನೆ ಬೂದಿಯಾದ ಮೇಲೆ ನೋಡಿದರೆ, ನಮ್ಮದು ಹೊಗೆಯಾಡುತ್ತ ಹಾಗೆಯೇ ಇದೆ. ಓಕ್ ತೊಲೆಗಳು ಮೇಲ್ಮೈ ಮಾತ್ರ ಕರಟಿ ಕಪ್ಪಾಗಿವೆ. ಒಳಗೆ ಇನ್ನೂ ಹಸಿ ಇದ್ದ ಮಣ್ಣಿನ ಗೋಡೆ ಬೆಂಕಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಆಚೆ ಬದಿಯ ಮನೆಗಳಿಗೆ ಒಂದು ಕಿಡಿಯೂ ತಾಗಿಲ್ಲ. ತನ್ವಿ ಬಯಸಿದ್ದಂತೆ ಮನೆ ಕಪ್ಪು-ಬಿಳಿ ಆಗಿತ್ತು. ಅವಳದನ್ನು ಗಮನಿಸುವ ಸ್ಥಿತಿಯಲ್ಲಿ ಇರಲಿಲ್ಲ.

ಆಚೆ ಬದಿಯ ಮನೆಗಳ ಮಕ್ಕಳು ಗಲಾಟೆ ಶುರು ಮಾಡಿದರು. ಅವರಿಗೆ ಅನ್ಯಾಯವಾಗಿತ್ತು. ಮಿಸ್ ರೂತ್ ಇನ್ನೊಂದು ತುದಿಯಿಂದ ಬೆಂಕಿ ಕೊಟ್ಟರು. ಅದೂ ಓಡೋಡಿ ಬಂದು ನಮ್ಮ ಇನ್ನೊಂದು ಗೋಡೆಯ ಬುಡದಲ್ಲಿ ಸತ್ತುಹೋಯಿತು. ಇಡೀ ಬೀದಿ ಬೂದಿ, ನಡುವೆ ನಮ್ಮ ಮನೆ. ಸಿಲಿಂಡರ್ ಹಿಡಿದವರು ಹತ್ತಿರ ಬಂದು ನೋಡಿ, "ಖಲಾಸ್?" ಎಂದು ಕೇಳಿದರು.

ನನ್ನ ಸ್ಥಿತಿಯನ್ನು ಹೇಗೆ ಹೇಳಲಿ? ಒಳಗೆ ಚೆಂಡೆ ಮೊಳಗುತ್ತಿತ್ತು. ಅಷ್ಟು ವರ್ಷ ಬೇರೆಯವರ ಕಟ್ಟಡಕ್ಕೆ ಗಾಜು ಹೊದಿಸಿದವಳು ಕಟ್ಟಿದ ಮೊದಲ ಮನೆ ಲಂಡನ್ನಿನ ಬೆಂಕಿಯನ್ನೇ ತಡೆದು ನಿಲ್ಲಿಸಿತ್ತು. ಎರಡೂ ಕೈ ಎತ್ತಿ ಕುಣಿಯಬೇಕು ಅನಿಸುತ್ತಿತ್ತು. ಅಷ್ಟರಲ್ಲಿ ಹಗ್ಗದ ಆಚೆ ತನ್ವಿಯನ್ನು ನೋಡಿದೆ. ಉಳಿದ ಮಕ್ಕಳು ತಮ್ಮ ತಮ್ಮ ಬೂದಿಯನ್ನು ತೋರಿಸಿ ಕುಣಿಯುತ್ತಿದ್ದಾರೆ. ಅವಳೊಬ್ಬಳೇ ಮುಷ್ಟಿ ಬಿಗಿ ಹಿಡಿದು, ತುಟಿ ಕಚ್ಚಿಕೊಂಡು, ಸುಡದೇ ಉಳಿದ ತನ್ನ ಮನೆಯನ್ನು ನೋಡುತ್ತ ಅಳುತ್ತಿದ್ದಳು. ನಾನು ಕೈ ಎತ್ತಲಿಲ್ಲ. ಹತ್ತಿರ ಹೋಗಿ ಎತ್ತಿಕೊಂಡೆ.

"ವೈ ಡಿಡ್ ಯೂ ಮೇಕ್ ಇಟ್ ಸೋ ಸ್ಟ್ರಾಂಗ್?" ಎಂದು ನನ್ನ ಹೆಗಲಿಗೆ ಗುದ್ದಿದಳು. ಕಟ್ಟಡ ಕಟ್ಟುವವರಿಗೆ ಇಂಥ ದೂರು ಬರುವುದು ಅಪರೂಪ.

ಮನೆಯನ್ನು ಮಿಸ್ ರೂತ್ ತಾವೇ ಕೇಳಿ ತರಗತಿಯಲ್ಲಿ ಇಟ್ಟುಕೊಂಡರು. ಮುಂದಿನ ವರ್ಷದ ಮಕ್ಕಳಿಗೆ ತೋರಿಸಬೇಕು ಎಂದರು. ಅಜ್ಜಿ ತೀರಿಕೊಂಡ ಮೇಲೆ ಆ ವಾಲಿದ ಮನೆಯನ್ನು ಮಾರಿದ್ದರಂತೆ, ಕೊಂಡವರು ಈಗ ಅದರಲ್ಲಿ ಟೀ ಅಂಗಡಿ ನಡೆಸುತ್ತಾರಂತೆ. ಇಷ್ಟು ಹೇಳಿ, ಕಪ್ಪಾದ ತೊಲೆಯ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದರು. "ಅಲ್ಲಿ ಒಲೆಯ ಮೇಲಿನ ತೊಲೆ ಹೀಗೇ ಇತ್ತು" ಎಂದರು. ಬೆರಣಿಯ ವಿಷಯ ಅವರಿಗೆ ನಾನು ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ.

ಆ ವಾರ ತನ್ವಿ ನನ್ನ ಜೊತೆ ಮಾತು ಕಡಿಮೆ ಮಾಡಿದಳು. ಸಂಜೆ ಬಂದವಳೇ ಇವರ ಹಳೆಯ ಶೂ ಬಾಕ್ಸ್ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗಿನಿಂದ ಕತ್ತರಿಯ ಸದ್ದು, ಟೇಪ್ ಹರಿಯುವ ಸದ್ದು. ನಾನು ಹಾಲು ಕೊಡುವ ನೆಪದಲ್ಲಿ ಬಾಗಿಲು ತಟ್ಟಿದರೆ, "ಅಪ್ಪನ ಕೈಯಲ್ಲಿ ಕಳಿಸು" ಎಂದು ಕನ್ನಡದಲ್ಲಿ ಉತ್ತರ. ಅವಳು ಕನ್ನಡ ಮಾತಾಡಿದಳೆಂದರೆ ವಿಷಯ ಗಂಭೀರ ಎಂದೇ ಅರ್ಥ. ಇವರು ಹಾಲು ಒಯ್ದು, ಹೊರಗೆ ಬಂದು, ಒಳಗೆ ನೋಡಿದ್ದನ್ನು ನನಗೆ ಹೇಳದೆ ಮೀಸೆಯಲ್ಲೇ ನಗುತ್ತಿದ್ದರು.

ಶುಕ್ರವಾರ ನಾವೂ ಜುಬೈದಾಳ ಮನೆಯವರೂ ಮಮ್ಜರ್ ಪಾರ್ಕಿಗೆ ಹೋಗುವುದು ವಾಡಿಕೆ. ಸಮುದ್ರದ ಪಕ್ಕ, ಬಾರ್ಬೆಕ್ಯೂ ಮಾಡಲು ಅಲ್ಲಿಯೇ ಒಲೆಗಳಿವೆ. ಆ ಶುಕ್ರವಾರ ತನ್ವಿ ಒಂದು ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಕೂತಳು. ಪಾರ್ಕಿನಲ್ಲಿ ಹಮೀದಾಕ ಇದ್ದಲು ಹೊತ್ತಿಸಿ ಗಾಳಿ ಬೀಸುತ್ತಿದ್ದರು. ಇವಳು ಹೋಗಿ ಅವರ ಅಂಗಿ ಎಳೆದು, "ಅಂಕಲ್, ವೇಟ್. ಫಸ್ಟ್ ಮೈನ್" ಎಂದಳು.

ಚೀಲದಿಂದ ಹೊರಬಂದ ಮನೆಗೆ ಕಿಟಕಿಗಳು ಒಂದೊಂದು ಅಳತೆಯವು. ತೊಲೆಗಳು ಸ್ಕೆಚ್ ಪೆನ್ನಿನವು, ಕಪ್ಪೋ ಕಪ್ಪು. ಮಾಡಿಗೆ ಅವಳ ಹಳೆಯ ಹೋಮ್‌ವರ್ಕಿನ ಹಾಳೆ. ಮಾಳಿಗೆ ಮುಂದೆ ಚಾಚಿತ್ತು, ಟೇಪಿನ ಬಲದಲ್ಲಿ. ಹಮೀದಾಕ ಸಲಾಮು ಹೊಡೆದು ಬದಿಗೆ ಸರಿದರು. ಇವರು ಅವಳ ಕೈ ಹಿಡಿದುಕೊಂಡು ಉದ್ದ ಇಕ್ಕಳದಲ್ಲಿ ಮನೆಯನ್ನು ಇದ್ದಲಿನ ಮೇಲೆ ಇಡಿಸಿ, ಹಿಂದಕ್ಕೆ ಎಳೆದುಕೊಂಡರು. ಬುಸ್ಸೆಂದು ಹತ್ತಿತು. ಮಾಡು ಮೇಲಕ್ಕೆ ಹಾರಿತು, ಕಿಟಕಿಗಳು ಒಳಗಿನಿಂದ ಬೆಳಗಿದವು, ಮಾಳಿಗೆ ಮುಗ್ಗರಿಸಿತು. ನಾವು ಉಸಿರು ಎಳೆದು ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜುಬೈದಾ ಚಪ್ಪಾಳೆ ತಟ್ಟಿದಳು. ತನ್ವಿ ಮರಳಿನ ಮೇಲೆ ಮೂರು ಸುತ್ತು ಕುಣಿದು, ನೇರವಾಗಿ ನನ್ನ ಹತ್ತಿರ ಓಡಿ ಬಂದಳು.

"ಅಮ್ಮಾ, ನೋಡಿದ್ಯಾ? ನನ್ನದು ಎಷ್ಟು ಚೆಂದ ಸುಟ್ಟಿತು!"

"ಭಾರೀ ಚೆಂದ ಸುಟ್ಟಿತು ಮಗಾ" ಎಂದೆ. ಮನಸ್ಸು ಬಿಚ್ಚಿ ಹೇಳಿದ ಮಾತು. ಅಷ್ಟು ಚೆಂದ ಸುಡುವುದು ನನ್ನ ಮನೆಗೆ ಸಾಧ್ಯವೇ ಇರಲಿಲ್ಲ.

ಅವಳು ನನ್ನ ಪಕ್ಕದಲ್ಲಿ ಕೂತಳು. ಹಮೀದಾಕ ಕೋಳಿ ತುಂಡುಗಳನ್ನು ಇದ್ದಲಿನ ಮೇಲೆ ಜೋಡಿಸತೊಡಗಿದರು. ತನ್ವಿ ನನ್ನ ಕಡೆ ತಿರುಗಿ ಕೇಳಿದಳು: "ಬಟ್ ಅಮ್ಮಾ, ನಿನ್ನದು ಯಾಕೆ ಸುಡಲಿಲ್ಲ?"

ಅಷ್ಟು ದಿನಗಳಲ್ಲಿ ಅವಳು ಆ ಮನೆಯ ಬಗ್ಗೆ ತಿಳಿದುಕೊಳ್ಳಲೆಂದು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಇವರು ಅಲ್ಲಿಂದಲೇ, "ತನ್ವೀ, ಮೊದಲು ತಿಂದು ಮತ್ತೆ ಕೇಳು. ಅಮ್ಮ ಶುರು ಮಾಡಿದ್ರೆ ಮುಗಿಯುವುದಿಲ್ಲ" ಎಂದರು. ಅವಳು ಏಳಲಿಲ್ಲ. ನಾನು ಒಂದು ಕಡ್ಡಿ ಎತ್ತಿಕೊಂಡು ಒದ್ದೆ ಮರಳಿನ ಮೇಲೆ ಒಂದು ಉದ್ದ ಗೆರೆ ಎಳೆದು, "ಇದು ಕಂಬ" ಎಂದೆ. ಎರಡನೆಯ ಗೆರೆಗೆ ಕೈ ಹೋಗುವಷ್ಟರಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದು, ಕಡ್ಡಿಯನ್ನು ಮೆಲ್ಲನೆ ಕಿತ್ತುಕೊಂಡಳು.

"ಯೂ ಟೆಲ್" ಎಂದಳು. "ನಾನು ಎಳೀತೇನೆ."

ನಾನು ಹೇಳಿದೆ. ಅವಳು ಎಳೆದಳು.